ಕುಂಕುಮದ ಜೊತೆ ಹಂಚಿದ ಪಾಸ್‌ವರ್ಡ್

ಹಾಡು ಮುಗಿದ ಮೇಲೆ ನಮ್ಮ ದೊಡ್ಡಮ್ಮನಿಗೆ ಒಂದು ಅಭ್ಯಾಸವಿತ್ತು. ತಂಬೂರಿಯನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ದೊಡ್ಡಪ್ಪನ ಕಡೆ ತಿರುಗಿ "ಹೇಗಿತ್ತು ರೀ?" ಎಂದು ಕೇಳುತ್ತಿದ್ದಳು. ದೊಡ್ಡಪ್ಪ ಪೇಪರಿನಿಂದ ತಲೆ ಎತ್ತದೆ "ಪರವಾಗಿಲ್ಲ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿಲ್ಲ. ಚೆನ್ನಾಗಿಲ್ಲದಿದ್ದರೆ ಮಾತ್ರ ಪೇಪರ್ ಮಡಿಸಿಟ್ಟು, ತಾಳ ಎಲ್ಲಿ ಓಡಿತು, ಶ್ರುತಿ ಎಲ್ಲಿ ಇಳಿಯಿತು ಎಂದು ಒಂದೊಂದಾಗಿ ಹೇಳುತ್ತಿದ್ದರು. ಅವರಿಗೆ ಒಂದು ಸಾಲು ಹಾಡಲು ಬಾರದು. ಕೇಳುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ.

ಚಾಮರಾಜಪೇಟೆಯ ಆ ಮನೆಯ ಮಹಡಿಯಲ್ಲಿ ಅಪ್ಪ ಅಮ್ಮನ ಜೊತೆ ಬೆಳೆದವಳು ನಾನು. ಕೆಳಗೆ ದೊಡ್ಡಪ್ಪ, ದೊಡ್ಡಮ್ಮ. ಈಗಲೂ ಅಲ್ಲೇ ಇದ್ದೇನೆ. ಶೇಷಾದ್ರಿಪುರದ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ ಬಂದವಳು ಮೊದಲು ನುಗ್ಗುವುದು ದೊಡ್ಡಮ್ಮನ ಅಡುಗೆಮನೆಗೆ, ಆಮೇಲೆ ನಮ್ಮ ಮನೆಗೆ. ಹಾಗಾಗಿ ಆ "ಹೇಗಿತ್ತು ರೀ?" ನಿಂತುಹೋದದ್ದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೇ. ದೊಡ್ಡಪ್ಪನ ಕಿವಿ ಮಂದವಾಗುತ್ತ ಬಂದಿತ್ತು. ಎದುರು ಕೂತವರ ಮಾತನ್ನು ತುಟಿ ನೋಡಿ ಹೇಗೋ ತಿಳಿದುಕೊಳ್ಳುತ್ತಿದ್ದರು. ಹಾಡು ಮಾತ್ರ ಮಿಕ್ಸಿ ತಿರುಗಿದ ಹಾಗೆ ಕೇಳುತ್ತಿತ್ತಂತೆ. ಪಾಪ, ಅದನ್ನು ಹೆಂಡತಿಗೆ ಹೇಳದೆ ಎಂದಿನ ಹಾಗೆ "ಪರವಾಗಿಲ್ಲ" ಎನ್ನುತ್ತಲೇ ಇದ್ದರು. ದೊಡ್ಡಮ್ಮನೇನು ಕಮ್ಮಿಯೇ? ಒಂದು ದಿನ ಬೇಕೆಂದೇ ಒಂದು ಚರಣವನ್ನು ಪೂರ್ತಿ ಅಪಸ್ವರದಲ್ಲಿ ಹಾಡಿ "ಹೇಗಿತ್ತು ರೀ?" ಎಂದಳು. "ಪರವಾಗಿಲ್ಲ" ಎಂದರು ದೊಡ್ಡಪ್ಪ. ಅವಳು ಆಮೇಲೆ ಯಾವತ್ತೂ ಕೇಳಲಿಲ್ಲ.

ಹೋದ ವರ್ಷ ದಸರಾಕ್ಕೆ ಸ್ವಲ್ಪ ಮುಂಚೆ ಬಸವನಗುಡಿಯ ಒಂದು ಕ್ಲಿನಿಕ್ಕಿನಲ್ಲಿ ದೊಡ್ಡಪ್ಪನಿಗೆ ಹೊಸ ಕಿವಿಯ ಮಿಷನ್ನು ಹಾಕಿಸಿದೆವು. ಕೌಂಟರಿನಲ್ಲಿದ್ದ ಹೆಂಗಸು "ಪೇಷಂಟ್ ಹೆಸರು ಹೇಳಿ" ಎಂದಾಗ ದೊಡ್ಡಮ್ಮ ನನ್ನ ಪಕ್ಕೆಗೆ ತಿವಿದಳು. ಮದುವೆಯಾದಾಗಿನಿಂದ ಗಂಡನ ಹೆಸರು ಅವಳ ಬಾಯಲ್ಲಿ ಬಂದದ್ದಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅತ್ತೆ ಹೇಳಿಟ್ಟಿದ್ದರಂತೆ. ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ದೇವಸ್ಥಾನದ ಅರ್ಚನೆಯಿರಲಿ, ಪಕ್ಕದಲ್ಲಿರುವವರನ್ನು ಮುಂದೆ ತಳ್ಳುವುದೇ ಅವಳ ಪದ್ಧತಿ. ಹೆಸರು ಹೇಳಿ ಬಂದು ನಾನು ರೇಗಿದೆ.

"ಈ ಕಾಲದಲ್ಲೂ ಇದೇನು ನಿಂದು ದೊಡ್ಡಮ್ಮ. ಹೆಸರು ಹೇಳಿದ್ರೆ ಯಾರಾದ್ರೂ ಸಾಯ್ತಾರಾ?"

"ಬಿಡ್ತು ಅನ್ನು. ಹೇಳದೇ ಇದ್ದಿದ್ರಿಂದ ನನಗೇನು ನಷ್ಟ ಆಗಿದೆ? ಅವರು ಗುಂಡುಕಲ್ಲಿನ ಹಾಗೆ ಇದಾರಲ್ಲ" ಎಂದಳು.

ಮಿಷನ್ನು ಹಾಕಿದ ಮೇಲೆ ಅಲ್ಲಿಯವರು ಒಂದು ಸಂಗತಿ ತೋರಿಸಿದರು. ಮೊಬೈಲಿನಲ್ಲಿ ಬರುವ ಸದ್ದು ಗಾಳಿಗೆ ಬರದೆ ನೇರವಾಗಿ ಆ ಮಿಷನ್ನಿನೊಳಕ್ಕೆ, ಅಂದರೆ ಕಿವಿಯೊಳಕ್ಕೇ ಹೋಗುತ್ತದಂತೆ. ನೋಡೇಬಿಡೋಣ ಎಂದು ನಾನು ಹೊರಗೆ ಫುಟ್‌ಪಾತಿಗೆ ಓಡಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಸದಾ ಕಿರುಚಿ ಮಾತಾಡುವ ಮನುಷ್ಯ, ಆವತ್ತು ಮೆತ್ತಗೆ "ನಿನಗೆ ನೆಗಡಿ ಆಗಿದೆಯೇನೇ?" ಎಂದರು. ಆಗಿತ್ತು. ಮನೆಯಲ್ಲಿ ಒಬ್ಬರಿಗೂ ಅದು ಗೊತ್ತಾಗಿರಲಿಲ್ಲ. ನಾನು ಫುಟ್‌ಪಾತಿನ ಮೇಲೆ ಕುಣಿದ ಕುಣಿತಕ್ಕೆ ಸೊಪ್ಪಿನ ಗಾಡಿಯ ಹೆಂಗಸು "ಏನಮ್ಮ, ಲಾಟರಿ ಹೊಡೀತಾ?" ಎಂದು ಕೇಳಿದಳು.

ಆದರೆ ಅಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ಮನೆಯಲ್ಲಿ ದೊಡ್ಡಮ್ಮ ಹಾಡಿದರೆ ಆ ಮಿಷನ್ನು ಅವಳ ಗಂಟಲನ್ನೂ, ಫ್ಯಾನನ್ನೂ, ಹೊರಗಿನ ಆಟೋವನ್ನೂ ಒಟ್ಟಿಗೆ ಎತ್ತಿ ದೊಡ್ಡಪ್ಪನ ಕಿವಿಗೆ ಸುರಿಯುತ್ತಿತ್ತು. ಫೋನಿನ ಮೂಲಕ ಬಂದರೆ ಮಾತ್ರ ಸ್ಪಷ್ಟ. "ರೆಕಾರ್ಡ್ ಮಾಡ್ತೀನಿ, ಆಮೇಲೆ ಕೇಳಲಿ ಬಿಡು" ಎಂದೆ. ದೊಡ್ಡಮ್ಮನಿಗೆ ಸಿಟ್ಟು ಬಂತು.

"ಹಾಡೇನು ಉಪ್ಪಿನಕಾಯೇನೇ, ಭರಣೀಲಿ ಹಾಕಿಟ್ಟು ಬೇಕಾದಾಗ ಬಡಿಸೋಕೆ? ಹಾಡೋವಾಗ ಕೇಳೋರು ಎದುರಿಗಿರಬೇಕು. ಮುಗಿದ ತಕ್ಷಣ ನಾನು ಕೇಳಬೇಕು, ಅವರು ಹೇಳಬೇಕು. ಅದಿಲ್ಲದಿದ್ರೆ ಬೇಡ."

ಇಂಥ ಹೊತ್ತಿನಲ್ಲಿ ಮಲ್ಲೇಶ್ವರದ ಒಂದು ಸಂಗೀತ ಸಭೆಯಿಂದ ಕರೆ ಬಂತು. ನವರಾತ್ರಿಯ ಪ್ರತಿ ಸಂಜೆ ಒಬ್ಬೊಬ್ಬರು ತಮ್ಮ ತಮ್ಮ ಮನೆಯ ಗೊಂಬೆಗಳ ಮುಂದೆ ಕೂತು ಹಾಡುವುದು, ಸಭೆ ಅದನ್ನು ಇಂಟರ್ನೆಟ್ಟಿನಲ್ಲಿ ಆಗಿಂದಾಗಲೇ ತೋರಿಸುವುದು. ದೊಡ್ಡಮ್ಮ ಮೊದಲು "ನನ್ನ ಮುಖ ಯಾರು ನೋಡ್ತಾರೆ" ಎಂದು ತಳ್ಳಿಹಾಕಿದಳು. ನನಗೆ ಫಕ್ಕನೆ ಹೊಳೆಯಿತು. ಸಭೆಯವರು ಲೈವ್ ತೋರಿಸಿದರೆ ದೊಡ್ಡಪ್ಪ ಅದನ್ನು ತಮ್ಮ ಫೋನಿನಲ್ಲಿ ನೋಡಬಹುದು. ಫೋನಿನಲ್ಲಿ ಬಂದದ್ದು ಕಿವಿಗೆ ಬರುತ್ತದೆ. ಅದನ್ನು ಹೇಳಿದಾಗ ದೊಡ್ಡಮ್ಮ ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪನ್ನು ಕೆಳಗಿಟ್ಟಳು.

"ನಾನು ಹಾಡ್ತಿರೋವಾಗಲೇ ಅವರಿಗೆ ಕೇಳಿಸುತ್ತಾ?"

"ಸ್ವಲ್ಪ ತಡವಾಗಿ. ಆದ್ರೆ ಕೇಳಿಸುತ್ತೆ."

"ಹಾಗಾದ್ರೆ ಒಪ್ಕೊಂಬಿಡು" ಎಂದಳು. ಸಭೆಯವರಿಗೆ ಅವಳು ದೊಡ್ಡ ಕಲಾವಿದೆಯಾಗಿ ಹಾಡುತ್ತಿರಬಹುದು. ಅವಳು ಹಾಡಲು ಹೊರಟದ್ದು ಒಬ್ಬರ ಎರಡು ಕಿವಿಗೆ ಮಾತ್ರ, ಅದು ನಮ್ಮಿಬ್ಬರಿಗೇ ಗೊತ್ತಿತ್ತು.

ನವರಾತ್ರಿ ಶುರುವಾಯಿತು. ಪಟ್ಟದ ಗೊಂಬೆ ಕೂರಿಸಿದ ಮಾರನೆಯ ದಿನವೇ ಮನೆಯ ವೈಫೈ ಪೆಟ್ಟಿಗೆ ಕೈಕೊಟ್ಟಿತು. ವೈರಿನಲ್ಲಿ ಇಂಟರ್ನೆಟ್ ಬರುತ್ತಿತ್ತು, ಗಾಳಿಯಲ್ಲಿ ಬರುತ್ತಿರಲಿಲ್ಲ. ಕಂಪ್ಲೇಂಟ್ ಕೊಟ್ಟರೆ "ಆಯುಧಪೂಜೆ ಮುಗೀಲಿ ಮೇಡಂ, ಹುಡುಗ್ರೆಲ್ಲ ಊರಿಗೆ ಹೋಗಿದಾರೆ" ಎಂಬ ಉತ್ತರ ಬಂತು. ಆ ಮನೆಯ ಗೋಡೆಗಳೋ, ಒಂದೂವರೆ ಅಡಿ ದಪ್ಪ. ಒಳಗೆ ಮೊಬೈಲಿನ ಸಿಗ್ನಲ್ಲು ಒಂದು ಕಡ್ಡಿ ತೋರಿಸಿದರೆ ಅದೇ ಹೆಚ್ಚು. ಅದೂ ಅಲ್ಲದೆ ದೊಡ್ಡಪ್ಪ ತಮ್ಮ ಫೋನಿಗೆ ಡೇಟಾ ಹಾಕಿಸುವವರಲ್ಲ. ಮನೆಯಲ್ಲಿ ಇಂಟರ್ನೆಟ್ ಇರುವಾಗ ಅದೇಕೆ ಎಂಬುದು ಅವರ ವಾದ.

ಉಳಿದದ್ದು ಮುಂದಿನ ಕೋಣೆಯ ಕಂಪ್ಯೂಟರು ಒಂದೇ. ದೊಡ್ಡಪ್ಪ ಪಿಂಚಣಿ ನೋಡುವುದಕ್ಕೆ, ಬ್ಯಾಂಕಿನ ಕೆಲಸಕ್ಕೆ ಇಟ್ಟುಕೊಂಡಿದ್ದ ಹಳೆಯ ಡಬ್ಬ ಅದು. ಹಿಂದಿನ ವರ್ಷದ ಆಯುಧಪೂಜೆಯ ವಿಭೂತಿ ಇನ್ನೂ ಅದರ ಹಣೆಯ ಮೇಲಿತ್ತು. ವೈರು ಬರುತ್ತಿದ್ದದ್ದು ಅದಕ್ಕೇ. ಆದರೆ ಅದಕ್ಕೆ ಕ್ಯಾಮೆರಾ ಇಲ್ಲ, ಹೊತ್ತು ತಂದು ಗೊಂಬೆಗಳ ಮುಂದೆ ಇಡೋಣವೆಂದರೆ ವೈರು ಅಷ್ಟುದ್ದ ಬರುವುದಿಲ್ಲ. ಹಾಗಾದರೆ ಕಂಪ್ಯೂಟರಿಗೆ ಬರುವ ಇಂಟರ್ನೆಟ್ಟನ್ನೇ ಅಲ್ಲಿಂದ ಫೋನುಗಳಿಗೆ ಹಂಚಿದರಾಯಿತಲ್ಲ ಎಂದುಕೊಂಡೆ. ಎಸ್.ಪಿ. ರೋಡಿಗೆ ಓಡಿ ಹೆಬ್ಬೆರಳಿನಷ್ಟು ದೊಡ್ಡ ವೈಫೈ ಡಾಂಗಲ್ ತಂದು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದೆ. ಸೆಟ್ಟಿಂಗ್ಸಿಗೆ ಹೋಗಿ ಹಾಟ್‌ಸ್ಪಾಟ್ ಆನ್ ಮಾಡಿದೆ. ಗೊಂಬೆ ಕೋಣೆಯಲ್ಲಿದ್ದ ದೊಡ್ಡಮ್ಮನ ಫೋನಿನಲ್ಲಿ ನಾಲ್ಕು ಕಡ್ಡಿ ತುಂಬಿ ನಿಂತವು. ಅಬ್ಬಬ್ಬಾ, ಆ ಖುಷಿ. ಎರಡು ಗೋಡೆ ದಾಟಿ ಬಂದಿತ್ತು. ಮನೆಯೆಲ್ಲ ಕೇಳುವ ಹಾಗೆ "ಬಂತು, ಬಂತು" ಎಂದು ಕೂಗಿದೆ. ಮಹಡಿಯಿಂದ ಅಮ್ಮ, ಯಾರೋ ನೆಂಟರು ಬಂದರೆಂದು ಕಾಫಿಗೆ ಹಾಲಿಟ್ಟಳಂತೆ.

ಕಂಪ್ಯೂಟರು ತಾನಾಗಿಯೇ ಒಂದು ಪಾಸ್‌ವರ್ಡ್ ಕೊಟ್ಟಿತ್ತು. ಅಕ್ಷರ, ಅಂಕಿ ಎಲ್ಲ ಕಲಸಿದ್ದು. "ಇದ್ಯಾವ ಬೀಜಾಕ್ಷರಾನೇ? ನೆನಪಿರೋ ಅಂಥದ್ದು ಇಡು" ಎಂದಳು ದೊಡ್ಡಮ್ಮ. ಮನೆಯ ಹೆಸರಿನ ಮುಂದೆ ಒಂದು ಎರಡು ಮೂರು ಸೇರಿಸಿದೆ. ಮನೆಯ ಹೆಸರು ಗೇಟಿನ ಕಲ್ಲಿನ ಮೇಲೆಯೇ ಕೆತ್ತಿದೆ. ಕಾಲೇಜಿನಲ್ಲಿ ನಿಂತು ಮಕ್ಕಳಿಗೆ ಪಾಸ್‌ವರ್ಡ್ ಹೀಗಿರಬೇಕು, ಹಾಗಿರಬೇಕು ಎಂದು ಬುದ್ಧಿ ಹೇಳುವ ನನಗೆ ಆ ಹೊತ್ತಿಗೆ ಅದು ತಪ್ಪೆನಿಸಲೇ ಇಲ್ಲ, ಅಷ್ಟು ಉಬ್ಬಿಹೋಗಿದ್ದೆ. ದೊಡ್ಡಮ್ಮನ ಫೋನನ್ನೂ ದೊಡ್ಡಪ್ಪನ ಫೋನನ್ನೂ ಸೇರಿಸಿ, ಹಾಯಾಗಿ ಮಲಗಿದೆ.

ಕಾರ್ಯಕ್ರಮದ ಹಿಂದಿನ ಸಂಜೆ ಸಭೆಯ ನಿರೂಪಕಿ ಒಂದು ಸಲ ಪರೀಕ್ಷೆ ಮಾಡಿ ನೋಡೋಣವೆಂದು ಫೋನ್ ಮಾಡಿದರು. ದೊಡ್ಡಮ್ಮ ಕೂತಳು. ನಾನು ಅವಳ ಫೋನನ್ನು ಚರುಪಿನ ತಿಂಡಿ ಡಬ್ಬಗಳ ಮೇಲೆ ಒರಗಿಸಿ ಇಟ್ಟೆ. ನೆಟ್ಟಿಗೆ ಸೇರುತ್ತಲೇ ಇಲ್ಲ. ಆಫ್ ಮಾಡಿ ಆನ್ ಮಾಡಿದರೂ ಸೇರುವುದಿಲ್ಲ. ಮುಂದಿನ ಕೋಣೆಗೆ ಓಡಿ ಕಂಪ್ಯೂಟರಿನ ಪರದೆ ನೋಡಿದೆ. ಈ ಹಾಟ್‌ಸ್ಪಾಟಿಗೆ ಒಟ್ಟು ಎಂಟು ಸಾಧನಗಳು ಸೇರಬಹುದು, ಅದಕ್ಕಿಂತ ಹೆಚ್ಚಿಲ್ಲ. ಅಲ್ಲಿ ಎಂಟಕ್ಕೆ ಎಂಟೂ ಭರ್ತಿಯಾಗಿದ್ದವು. ಯಾರ್ಯಾರದೋ ಫೋನುಗಳು. ಕೊನೆಯಲ್ಲಿ ಒಂದು ಟಿ.ವಿ. ನಮ್ಮ ಮನೆಯ ಟಿ.ವಿ.ಗೆ ಇಂಟರ್ನೆಟ್ ಎಂಬ ಪದವೇ ಗೊತ್ತಿಲ್ಲ.

ನನಗೆ ಮೈಯೆಲ್ಲ ಉರಿಯಿತು. ದೊಡ್ಡಮ್ಮನ ಎದುರು ಹೋಗಿ ನಿಂತೆ.

"ಯಾರಿಗೆ ಕೊಟ್ಟೆ ಪಾಸ್‌ವರ್ಡು?"

"ಯಾರಿಗೆ ಅಂದ್ರೆ? ಗೊಂಬೆ ನೋಡಕ್ಕೆ ಬಂದೋರಿಗೆ" ಎಂದಳು, ಅದರಲ್ಲೇನಿದೆ ಎಂಬಂತೆ. "ಎಲ್ಲರೂ ಫೋಟೋ ತಕ್ಕೊಂಡು ಕಳಿಸಬೇಕು ಅಂತಾರೆ. ಇಲ್ಲಿ ಸಿಗ್ನಲ್ ಬರಲ್ಲ, ವೈಫೈ ಇದ್ಯಾ ಅಂತ ಕೇಳ್ತಾರೆ. ನವರಾತ್ರೀಲಿ ಮನೆಗೆ ಬಂದ ಮುತ್ತೈದೆ ಬಾಯ್ಬಿಟ್ಟು ಕೇಳಿದ್ದನ್ನ ಇಲ್ಲ ಅನ್ನೋಕಾಗುತ್ತಾ? ಕುಂಕುಮ ಕೊಟ್ಟೆ, ಚರುಪು ಕೊಟ್ಟೆ, ಅದನ್ನೂ ಹೇಳಿದೆ."

"ಪಕ್ಕದ ಮನೆ ಟಿ.ವಿ.ಗೂ ಕುಂಕುಮ ಇಟ್ಟು ಕರೆದ್ಯಾ?"

"ಅವರ ಸೀರಿಯಲ್ಲು ಮಧ್ಯದಲ್ಲೇ ನಿಂತುಹೋಗಿತ್ತಂತೆ ಕಣೇ, ಪಾಪ."

ಬೈಯಬೇಕೋ ನಗಬೇಕೋ ತಿಳಿಯದೆ ಸ್ಟೂಲು ಎಳೆದುಕೊಂಡು ಕೂತೆ. ಪಾಸ್‌ವರ್ಡ್ ಕೊಡುವುದೆಂದರೆ ಬರೀ ಇಂಟರ್ನೆಟ್ ಕೊಟ್ಟ ಹಾಗಲ್ಲ, ದೊಡ್ಡಪ್ಪನ ಬ್ಯಾಂಕಿನ ಕೆಲಸವೆಲ್ಲ ಅದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ, ಗುರುತಿಲ್ಲದವರು ನಮ್ಮ ನೆಟ್ಟಿನಲ್ಲಿ ಕೂತು ಏನಾದರೂ ಕಿತಾಪತಿ ಮಾಡಿದರೆ ಅದು ನಮ್ಮ ತಲೆಗೇ ಬರುತ್ತದೆ ಎಂದೆಲ್ಲ ಹೇಳಿದೆ. ಅವಳು ತಲೆಯಾಡಿಸಿದಳು, ಮನಸ್ಸಿಗೆ ತಾಗಿದ ಹಾಗೆ ಕಾಣಲಿಲ್ಲ. ಕೊನೆಗೆ "ನಾಳೆ ಇವರೆಲ್ಲ ಸೇರ್ಕೊಂಡ್ರೆ ನಿನ್ನ ಹಾಡು ಮನೆಯಿಂದ ಆಚೆನೇ ಹೋಗಲ್ಲ. ದೊಡ್ಡಪ್ಪನಿಗೆ ಏನೂ ಕೇಳಿಸಲ್ಲ" ಎಂದೆ. ಅದು ತಾಗಿತು.

"ಬದಲಾಯಿಸು ಮತ್ತೆ" ಎಂದಳು.

"ಬದಲಾಯಿಸಿದ್ರೆ ನಾಳೆ ಅದನ್ನೂ ತಾಂಬೂಲದ ಜೊತೆ ಕೊಡ್ತೀಯ."

"ಕೇಳಿದ್ರೆ ಬಾಯಿಗೆ ಬಂದ್ಬಿಡುತ್ತೆ ಕಣೇ, ನಾನೇನು ಮಾಡ್ಲಿ?"

"ನಿನ್ನ ಬಾಯಿಗೆ ಬರದೇ ಇರೋ ಅಂಥದ್ದು ಏನಾದ್ರೂ ಇಡು. ಯಾರು ಕೇಳಿದ್ರೂ, ಏನೇ ಆದ್ರೂ ಹೇಳದೇ ಇರೋ ಅಂಥದ್ದು. ನನಗೂ ಹೇಳಬೇಡ. ನೀನೇ ಟೈಪ್ ಮಾಡು."

ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಬದಲಾಯಿಸುವ ಜಾಗ ತೋರಿಸಿ, ನಾನು ಬೆನ್ನು ತಿರುಗಿಸಿ ನಿಂತೆ. ಆಮೇಲೆ ಒಂದೊಂದೇ ಕೀಲಿ ಒತ್ತುವ ಸದ್ದು, ನಡುವೆ ಕಿಸಕ್ಕನೆ ಒಂದು ನಗು. "ಆಯ್ತು" ಎಂದಳು. ತಿರುಗಿ ನೋಡಿದರೆ ಪಾಸ್‌ವರ್ಡಿನ ಜಾಗದಲ್ಲಿ ಬರೀ ಚುಕ್ಕಿಗಳು, ಅವಳ ಮುಖ ಕೆಂಪು. ಪರದೆಯ ಮೇಲಿದ್ದ ಎಂಟೂ ಹೆಸರು ಒಂದೇ ಏಟಿಗೆ ಮಾಯವಾದವು. ಪಕ್ಕದ ಮನೆಯಿಂದ "ಅಯ್ಯೋ, ಹೋಯ್ತು" ಎಂಬ ಧ್ವನಿ ಕೇಳಿಸಿತು. ದೊಡ್ಡಮ್ಮ ತನ್ನ ಫೋನಿಗೆ ತಾನೇ ಪಾಸ್‌ವರ್ಡ್ ಹಾಕಿಕೊಂಡಳು. ನಿರೂಪಕಿಗೆ ಮತ್ತೆ ಫೋನ್ ಮಾಡಿದೆವು. ಚಿತ್ರ ಕನ್ನಡಿಯಂತೆ ಬಂತು, ಧ್ವನಿ ಗಂಟೆಯ ಹಾಗೆ ಬಂತು. ಗೆದ್ದೆವು ಎಂದು ನಾನು ಅವಳನ್ನು ಎತ್ತಿ ಒಂದು ಸುತ್ತು ಸುತ್ತಿಸಿದೆ. "ಸೊಂಟ, ಸೊಂಟ" ಎಂದು ಬೈಸಿಕೊಂಡೆ.

ಆ ಸಂಭ್ರಮದಲ್ಲಿ ಒಂದು ಸಣ್ಣ ವಿಷಯ ನಮ್ಮಿಬ್ಬರಿಗೂ ಮರೆತೇಹೋಯಿತು. ಹೊರಗೆ ಬಿದ್ದ ಆ ಎಂಟರಲ್ಲಿ ದೊಡ್ಡಪ್ಪನ ಫೋನೂ ಒಂದು.

ಮಾರನೆಯ ಸಂಜೆ ಮನೆ ತುಂಬ ಜನ. ಹಾಡು ಇದೆಯೆಂದು ಕ್ರಾಸಿನ ಹೆಂಗಸರೆಲ್ಲ ರೇಷ್ಮೆ ಸೀರೆಯುಟ್ಟು ಬಂದು ಗೊಂಬೆ ಕೋಣೆಯಲ್ಲಿ ಜಮಖಾನದ ಮೇಲೆ ಕೂತಿದ್ದರು. ಮಲ್ಲಿಗೆ, ಕಡಲೆಕಾಳು ಉಸಲಿ, ಹೊಸ ಸೀರೆಯ ಗಂಜಿ ಎಲ್ಲ ಸೇರಿ ಒಂದು ವಾಸನೆ. ಪಕ್ಕದ ಮನೆಯಾಕೆ ಬಂದವಳೇ ದೊಡ್ಡಮ್ಮನ ಕಿವಿಯ ಹತ್ತಿರ ಬಗ್ಗಿದಳು.

"ಪಾಸ್‌ವರ್ಡ್ ಚೇಂಜ್ ಮಾಡಿದೀರಾ ಹೇಗೆ?"

"ಮಾಡಿದೀನಿ ರೀ."

"ಏನು ಹೊಸದು?"

ದೊಡ್ಡಮ್ಮ ತಲೆ ತಗ್ಗಿಸಿ "ಹೇಳಕ್ಕಾಗಲ್ಲ ರೀ" ಎಂದಳು. ನವರಾತ್ರಿಯಲ್ಲಿ ಅವಳ ಬಾಯಿಂದ ಇಲ್ಲ ಎಂಬ ಮಾತು ಬಂದದ್ದು ಅದೇ ಮೊದಲು. ಪಕ್ಕದ ಮನೆಯಾಕೆ ಕಣ್ಣರಳಿಸಿ ಕೂತಳು. ನನಗೆ ಒಳಗೊಳಗೇ ಹೆಮ್ಮೆ, ಎಂಥ ಪಾಠ ಕಲಿಸಿದೆ ನೋಡು ಎಂದು.

ದೊಡ್ಡಪ್ಪ ಮುಂದಿನ ಕೋಣೆಯ ಬೆತ್ತದ ಕುರ್ಚಿಯಲ್ಲಿದ್ದರು. ಗೊಂಬೆ ಕೋಣೆಯ ಗಲಾಟೆಯಲ್ಲಿ ಮಿಷನ್ನು ಕಿರುಗುಟ್ಟುತ್ತದೆಂದು ಅವರಿಗೆ ಅಲ್ಲೇ ಜಾಗ. ನಡುವೆ ಹಜಾರ, ಎರಡು ಕಡೆಯ ಬಾಗಿಲೂ ತೆರೆದಿಟ್ಟಿದ್ದೆವು. ದೊಡ್ಡಮ್ಮ ಕೂತ ಜಾಗದಿಂದ ಅವರ ಕುರ್ಚಿ ನೇರವಾಗಿ ಕಾಣಬೇಕು ಎಂಬುದು ಅವಳ ಹಟ. ಅದಕ್ಕಾಗಿ ಹಜಾರದ ಬೀರುವನ್ನೇ ಸರಿಸಿದ್ದೆವು. ಹೊಸ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೋನು ಹಿಡಿದು ದೊಡ್ಡಪ್ಪ ಗಂಭೀರವಾಗಿ ಕೂತಿದ್ದರು.

ನಿರೂಪಕಿ ಪರದೆಯ ಮೇಲೆ ಬಂದರು. "ನಮಸ್ಕಾರ ಅಮ್ಮ, ಈಗ ನೀವು ಲೈವ್‌ನಲ್ಲಿದ್ದೀರ" ಎಂದು ಹೇಳಿ ನೋಡುವವರಿಗೆ ದೊಡ್ಡಮ್ಮನನ್ನು ಪರಿಚಯಿಸತೊಡಗಿದರು. ದೊಡ್ಡಮ್ಮ ಕೈಮುಗಿದಳು. ತಂಬೂರಿಯ ತಂತಿ ಮೀಟಿದಳು. ಕೋಣೆ ನಿಶ್ಶಬ್ದವಾಯಿತು. ಆಗ ಮುಂದಿನ ಕೋಣೆಯಿಂದ ದೊಡ್ಡಪ್ಪನ ಗಂಟಲು, ಕಿವುಡರ ಗಂಟಲು, ಇಡೀ ಮನೆಗೆ ಕೇಳುವ ಹಾಗೆ ಬಂತು.

"ಇದು ಬರ್ತಿಲ್ಲ ಕಣೇ. ಪಾಸ್‌ವರ್ಡ್ ಕೇಳ್ತಿದೆ."

ಹಜಾರ ದಾಟಿ ಓಡಿ ಅವರ ಫೋನು ಕಿತ್ತುಕೊಂಡೆ. ಹಳೆಯ ಪಾಸ್‌ವರ್ಡಿನಲ್ಲಿ ಸೇರಿದ್ದ ಫೋನು, ಹೊಸದು ಅದಕ್ಕೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಪಕ್ಕದಲ್ಲೇ ಇದ್ದ ಕಂಪ್ಯೂಟರಿನಲ್ಲಿ ಆ ಚುಕ್ಕಿಗಳನ್ನು ತೆರೆದು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ಆ ಗಳಿಗೆಯಲ್ಲಿ ಅದು ತಲೆಗೆ ಬಂದಿದ್ದರೆ ಕೇಳಿ. ಬಾಗಿಲಲ್ಲಿ ನಿಂತು ದೊಡ್ಡಮ್ಮನ ಕಡೆ ನೋಡಿ, ಫೋನು ಎತ್ತಿ ತೋರಿಸಿ, ಏನು ಎಂದು ಕೈಸನ್ನೆ ಮಾಡಿದೆ.

ಅವಳ ಮುಖದ ಬಣ್ಣ ಇಳಿಯಿತು. ಎದುರಿಗೆ ಕ್ಯಾಮೆರಾ, ಸುತ್ತ ಇಡೀ ಕ್ರಾಸಿನ ಹೆಂಗಸರು, ಮಡಿಲಲ್ಲಿ ತಂಬೂರಿ. ನಿರೂಪಕಿ "ಹಾಗಾದರೆ ಅಮ್ಮ, ಶುರು ಮಾಡೋಣವಾ?" ಎಂದರು. ದೊಡ್ಡಮ್ಮ ತಂತಿಯ ಮೇಲಿನ ಬೆರಳು ತೆಗೆದಳು. ನನ್ನ ಭುಜದಾಚೆ, ಬೆತ್ತದ ಕುರ್ಚಿಯ ತುದಿಗೆ ಸರಿದು ಕೂತು ಪರದಾಡುತ್ತಿದ್ದ ಗಂಡನನ್ನು ನೋಡಿದಳು.

"ಒಂದು ನಿಮಿಷ ಇರಿ" ಎಂದು ನಿರೂಪಕಿಗೆ ಹೇಳಿ, ಕತ್ತು ಎತ್ತಿ, ದೊಡ್ಡಪ್ಪನ ಹೆಸರು ಹೇಳಿದಳು.

ಮೆಲ್ಲಗೆ ಅಲ್ಲ. ಹಜಾರ ದಾಟಿ ನನಗೆ ಕೇಳಬೇಕಲ್ಲ, ತಾರಸ್ಥಾಯಿಯಲ್ಲಿ ಹೇಳಿದಳು. ಪೂರ್ತಿ ಹೆಸರು. ಪಕ್ಕದ ಮನೆಯಾಕೆಯ ಕೈ ಬಾಯಿಗೆ ಹೋಯಿತು. ನಾನು ಕಲ್ಲಿನ ಹಾಗೆ ನಿಂತುಬಿಟ್ಟೆ.

"ಏನೇ ನೋಡ್ತಿದೀಯ, ಹಾಕು" ಎಂದು ನನ್ನನ್ನು ಗದರಿದಳು ದೊಡ್ಡಮ್ಮ. "ಇಂಗ್ಲಿಷಲ್ಲಿ, ಎಲ್ಲ ಸಣ್ಣಕ್ಷರ. ಕೊನೇಲಿ ನಮ್ಮ ಮದುವೆ ಆದ ವರ್ಷ."

ಅದನ್ನೂ ಹೇಳಿದಳು. ಇಷ್ಟೆಲ್ಲ ಪಾಡುಪಟ್ಟು ಕಾಪಾಡಿದ ಪಾಸ್‌ವರ್ಡು ಇಡೀ ಬೆಂಗಳೂರಿಗೆ ಲೈವ್ ಹೋಯಿತು. ಒಂದು ಸಲ ತಪ್ಪು ಹಾಕಿದೆ, ಎರಡನೆಯ ಸಲ ಸೇರಿತು. ಫ್ಯಾನಿನ ಸದ್ದಿನಲ್ಲಿ ದೊಡ್ಡಪ್ಪನಿಗೆ ಇದಾವುದೂ ಕೇಳಿಸಿರಲಿಲ್ಲ. ಫೋನಿನ ಪರದೆಯಲ್ಲಿ ಹೆಂಡತಿಯ ಮುಖ ಮೂಡಿದ್ದು ನೋಡಿ "ಹಾಂ, ಬಂದ್ಲು" ಎಂದರು. ನಾನು ದೊಡ್ಡಮ್ಮನ ಕಡೆ ತಿರುಗಿ ಹೆಬ್ಬೆರಳು ಎತ್ತಿದೆ. ಅವಳು ಕಣ್ಣು ಮುಚ್ಚಿ ಹಾಡತೊಡಗಿದಳು.

ಹಾಡಿದಳು ಎಂದರೆ ಹಾಡಿದಳು. ಕಲ್ಯಾಣಿಯಲ್ಲಿ ಒಂದು ದೇವರನಾಮ, ನಾನು ಹುಟ್ಟಿದಾಗಿನಿಂದ ಕೇಳಿದ್ದು. ಆವತ್ತು ಮಾತ್ರ ಹೊಸದಾಗಿ ಕೇಳಿದ ಹಾಗಿತ್ತು. ನಾನು ಹಜಾರದಲ್ಲಿ ಇಬ್ಬರೂ ಕಾಣುವ ಹಾಗೆ ನಿಂತಿದ್ದೆ. ಅವಳ ದನಿ ಮೊದಲು ನನಗೆ ಬರುತ್ತಿತ್ತು. ಅದೇ ದನಿ ಮಲ್ಲೇಶ್ವರಕ್ಕೋ ಇನ್ನೆಲ್ಲಿಗೋ ಹೋಗಿ, ತಿರುಗಿ ಬಂದು ದೊಡ್ಡಪ್ಪನ ಕಿವಿ ಸೇರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಇಲ್ಲಿ ಅವಳು ಅನುಪಲ್ಲವಿಗೆ ಹೋದರೆ ಅಲ್ಲಿ ಅವರ ಕೈ ಇನ್ನೂ ಪಲ್ಲವಿಯ ತಾಳ ಹಾಕುತ್ತಿತ್ತು. ತೊಡೆಯ ಮೇಲೆ ಆ ಕೈ ಎಷ್ಟೋ ವರ್ಷಗಳ ಮೇಲೆ ಏಳುತ್ತ ಬೀಳುತ್ತ ಇತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ನಾಚಿಕೆ ಏನಿಲ್ಲ.

ನಡುವೆ ಕಂಪ್ಯೂಟರಿನ ಪರದೆಯ ಮೇಲೆ ಕಣ್ಣು ಹೋಯಿತು. ಅಷ್ಟು ಜನಕ್ಕೆ ಪಾಸ್‌ವರ್ಡ್ ಗೊತ್ತಾಗಿತ್ತು, ಎಲ್ಲರ ಸೊಂಟದಲ್ಲೂ ಪರ್ಸಿನಲ್ಲೂ ಫೋನು ಇತ್ತು. ಪಟ್ಟಿಯಲ್ಲಿ ಇದ್ದದ್ದು ಎಂಟರಲ್ಲಿ ಎರಡೇ. ಹಾಡು ಮುಗಿಯುವವರೆಗೂ ಅದು ಮೂರಾಗಲಿಲ್ಲ.

ಅವಳು ಮುಗಿಸಿದಳು. ಹೆಂಗಸರು ಚಪ್ಪಾಳೆಗೆ ಕೈ ಎತ್ತಿದರು. ದೊಡ್ಡಮ್ಮ ಬೇಡವೆಂದು ಕೈಯಾಡಿಸಿ ಮುಂದಿನ ಕೋಣೆಯ ಕಡೆ ತೋರಿಸಿದಳು. ದೊಡ್ಡಪ್ಪ ಇನ್ನೂ ಕೇಳುತ್ತಿದ್ದರು. ಅವರ ಕೈ ಇನ್ನೂ ತಾಳ ಹಾಕುತ್ತಿತ್ತು. ಎಲ್ಲರೂ ಕತ್ತು ತಿರುಗಿಸಿ ಆ ಕೈಯನ್ನೇ ನೋಡುತ್ತ ಕೂತೆವು. ಕೊನೆಯ ಆವರ್ತ ಮುಗಿದು ಕೈ ತೊಡೆಯ ಮೇಲೆ ನಿಂತ ಮೇಲೆಯೇ ಚಪ್ಪಾಳೆ ಬಿದ್ದದ್ದು.

ದೊಡ್ಡಪ್ಪ ಎದ್ದು ಹಜಾರ ದಾಟಿ ಬಂದು ಬಾಗಿಲಲ್ಲಿ ನಿಂತರು. ದೊಡ್ಡಮ್ಮ ತಂಬೂರಿಯನ್ನು ಗೋಡೆಗೆ ಒರಗಿಸಿದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಅವರಿಗೆ ತುಟಿ ಕಾಣುವ ಹಾಗೆ ಮುಖ ಎತ್ತಿದಳು.

"ಹೇಗಿತ್ತು ರೀ?"

"ಎರಡನೇ ಚರಣದಲ್ಲಿ ಮೇಲಿನ ಷಡ್ಜ ಸ್ವಲ್ಪ ಇಳೀತು" ಎಂದರು ದೊಡ್ಡಪ್ಪ. "ಕೊನೇಲಿ ಅವಸರ ಮಾಡ್ದೆ. ಯಾರು ಓಡಿಸ್ಕೊಂಡು ಬರ್ತಿದ್ರು?"

ಅಷ್ಟು ಜನರ ಮುಂದೆ ತಪ್ಪು ತೋರಿಸಿದರೆ ಯಾರಿಗಾದರೂ ಮುಖ ಚಿಕ್ಕದಾಗಬೇಕು. ದೊಡ್ಡಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. "ಇಳೀತು, ನಿಜ. ನನಗೂ ಗೊತ್ತಾಯ್ತು" ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ಉಸಲಿ ಬಡಿಸುವಾಗಲೂ ಅದೇ ಮಾತು.

ಮಾರನೆಯ ಬೆಳಿಗ್ಗೆ ನಾನು ಹೊಸ ಪಾಸ್‌ವರ್ಡ್ ಇಡಬೇಕೆಂದು ಕೆಳಗೆ ಇಳಿದೆ. ಸಭೆಯವರು ರಾತ್ರಿಯೇ ರೆಕಾರ್ಡಿಂಗ್ ಕಳಿಸಿದ್ದರು. ದೊಡ್ಡಪ್ಪ ಬೆತ್ತದ ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದರು. ಕಾಫಿ ಲೋಟದಲ್ಲಿ ಕೆನೆ ಕಟ್ಟಿತ್ತು. ಬಗ್ಗಿ ನೋಡಿದೆ. ದೊಡ್ಡಮ್ಮ ತಂತಿಯಿಂದ ಬೆರಳು ತೆಗೆಯುವುದು, ಕತ್ತು ಎತ್ತುವುದು, ತುಟಿ ತೆರೆಯುವುದು. ಅಷ್ಟಾದ ಮೇಲೆ ಅವರ ಬೆರಳು ಮತ್ತೆ ಹಿಂದಕ್ಕೆ ಎಳೆಯಿತು. ಮತ್ತೆ ಅವಳು ಕತ್ತು ಎತ್ತಿದಳು.

ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಸೌಟು ಹಿಡಿದು ನಿಂತಿದ್ದಳು. ಅವರು ತಲೆ ಎತ್ತಿ ತನ್ನ ತುಟಿ ನೋಡುವವರೆಗೂ ಕಾದು ಕೇಳಿದಳು.

"ಏನು ರೀ ಅದನ್ನೇ ತಿರುಗಿಸಿ ತಿರುಗಿಸಿ ಹಾಕ್ತಿದೀರಾ? ಹಾಡು ಇನ್ನೂ ಮುಂದಿದೆ."

"ಇರ್ಲಿ" ಎಂದರು ದೊಡ್ಡಪ್ಪ, ಮೆತ್ತಗೆ. "ಹಾಡು ಆಮೇಲೆ ಕೇಳ್ತೀನಿ."